ನಾಲ್ಕು ತೂತಿನ ವೃತ್ತ

ಕಾರಿನ ಗಾಲಿ ಬಿಚ್ಚಿ ಗೋಡೆಗೆ ಒರಗಿಸಿಟ್ಟ ಮೇಲೆ ಉಳಿಯುವ ಹಬ್ ಇದೆಯಲ್ಲ, ಅದನ್ನು ನಿಂತು ನೋಡುವವರು ಕಡಿಮೆ. ಪಂಕ್ಚರ್ ಆದಾಗ ಕಣ್ಣಿಗೆ ಬಿದ್ದರೂ ಸ್ಟೆಪ್ನಿ ಏರಿಸಿ ಹೊರಡುವ ಆತುರದಲ್ಲಿ ಅದು ಮನಸ್ಸಿಗೆ ಇಳಿಯುವುದಿಲ್ಲ. ಅಂಗೈಗಿಂತ ತುಸು ಅಗಲದ ಕಬ್ಬಿಣದ ಬಿಲ್ಲೆ, ನಡುವೆ ಉಬ್ಬಿದ ಗುಂಬ, ಸುತ್ತ ನಾಲ್ಕೋ ಐದೋ ಸ್ಟಡ್ಡು. ಇಡೀ ಕಾರು, ಅದರಲ್ಲಿ ಕೂತ ಸಂಸಾರ, ಡಿಕ್ಕಿಯ ಸಾಮಾನು ಎಲ್ಲವೂ ನೆಲ ಮುಟ್ಟುವುದು ಇಂಥ ನಾಲ್ಕು ಬಿಲ್ಲೆಗಳ ಮೂಲಕ. ಆ ಸ್ಟಡ್ಡುಗಳ ನಡುಬಿಂದುಗಳನ್ನು ಹಾಯ್ದು ಹೋಗುವಂತೆ ಮನಸ್ಸಿನಲ್ಲೇ ಒಂದು ವೃತ್ತ ಎಳೆಯಿರಿ. ಗ್ಯಾರೇಜಿನವರ ಬಾಯಲ್ಲಿ ಸದಾ ಇರುವ ಪಿಸಿಡಿ ಎಂಬುದು ಈ ವೃತ್ತದ ವ್ಯಾಸ. ಎರಡು ಕಾರುಗಳ ಗಾಲಿ ಒಂದಕ್ಕೊಂದು ಆಗುತ್ತದೆಯೋ ಇಲ್ಲವೋ ಎಂದು ಮೊದಲು ತೀರ್ಮಾನಿಸುವುದು ಕಣ್ಣಿಗೆ ಕಾಣದ ಈ ಗೆರೆ.

ಮಾರುತಿ 800ಕ್ಕೆ ನಾಲ್ಕು ತೂತು, ಪಿಸಿಡಿ 114.3 ಮಿಲಿಮೀಟರ್. ಕೊನೆಯ ಆ ‘ಪಾಯಿಂಟ್ ಮೂರು’ ನನ್ನನ್ನು ಬಹಳ ಕಾಲ ಕಾಡಿತ್ತು. ಮೆಟ್ರಿಕ್ ಅಳತೆ ಬಳಸುವ ಜಪಾನಿನಲ್ಲಿ ರೂಪುಗೊಂಡ ಕಾರಿಗೆ 114 ಸಾಲದಿತ್ತೇ, 115 ಆಗುತ್ತಿರಲಿಲ್ಲವೇ? 25.4ರಿಂದ ಭಾಗಿಸಿ ನೋಡಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ: ಕರಾರುವಾಕ್ಕಾಗಿ ನಾಲ್ಕೂವರೆ ಅಂಗುಲ. ಅಮೆರಿಕದ ಕಾರುಗಳಲ್ಲಿ ಬೇರೂರಿದ್ದ ಅಳತೆ ಅದು. 1960ರ ದಶಕದ ಆರು ಸಿಲಿಂಡರಿನ ಫೋರ್ಡ್ ಮಸ್ಟಾಂಗಿಗೂ ನಾಲ್ಕು ಸ್ಟಡ್ಡು, ನಾಲ್ಕೂವರೆ ಅಂಗುಲ. ಆ ಉದ್ದ ಮೂತಿಯ ಕಾರಿಗೂ, 1983ರ ಡಿಸೆಂಬರಿನಲ್ಲಿ ಬೀದಿಗಿಳಿದು ನಮ್ಮ ಮಧ್ಯಮ ವರ್ಗವನ್ನು ಎತ್ತಿಕೊಂಡು ಓಡಿದ, 650 ಕಿಲೋ ತೂಗುವ ನಮ್ಮ ಪುಟ್ಟ 800ಕ್ಕೂ ಒಂದೇ ವೃತ್ತ ಎಂದು ತಿಳಿದ ದಿನ ನನಗಾದ ಸಂತೋಷ ಇನ್ನೂ ಮಾಸಿಲ್ಲ. ಜಿಪ್ಸಿಯದು ಐದು ತೂತಿನ 139.7, ಅಂದರೆ ಐದೂವರೆ ಅಂಗುಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನದೂ ಅದೇ. ಅಂಗುಲವನ್ನು ಅಧಿಕೃತವಾಗಿ ಬಿಟ್ಟು ಎಷ್ಟೋ ವರ್ಷವಾದ ದೇಶಗಳ ಕಾರ್ಖಾನೆಗಳಲ್ಲೂ ಅದು ಹೀಗೆ ದಶಾಂಶದ ಹಿಂದೆ ಕೂತು ಬದುಕಿದೆ.

ಈ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ರಸ್ತೆಯೇ ಬೇರೆಯಾಗಿ ಕಾಣುತ್ತದೆ. ನಮ್ಮ ಮಹದೇವಪುರದಲ್ಲಿ ಗಾಲಿ ನೋಡಲು ಪುರುಸೊತ್ತಿಗೆ ಬರವಿಲ್ಲ. ಸಂಜೆ ಹೊತ್ತು ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತೂಗುಸೇತುವೆ ದಾಟಿ ಹೊರವರ್ತುಲ ರಸ್ತೆಗೆ ಹೊರಳುವಷ್ಟರಲ್ಲಿ ಪಕ್ಕದ ಕಾರಿನ ನಟ್ಟುಗಳನ್ನು ಸಾವಧಾನವಾಗಿ ಎಣಿಸಬಹುದು. ಸ್ವಿಫ್ಟ್, ಐ20, ಹೋಂಡಾ ಸಿಟಿ ಎಲ್ಲವೂ ನಾಲ್ಕು ತೂತಿನ 100. ಐಕಾನ್, ಫಿಗೊ ಹೋದರೆ 108. ಪಾಲಿಯೊ ಕಂಡರೆ 98, ಅದು ಫಿಯಟ್ ಮನೆತನದ ಅಳತೆ. ಪೋಲೊ ಐದು ತೂತಿನ 100, ಇನ್ನೋವಾ ಐದು ತೂತಿನ 114.3, ಅದರ ಹಿಂದೆ ನಿಂತ ಫಾರ್ಚೂನರಿನದು ಆರು ತೂತಿನ 139.7. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡ್ ಕಡೆಯ ಮೆಟ್ರೊ ಓಡತೊಡಗಿದ ಮೇಲೆ ನಾನು ಹೆಚ್ಚಾಗಿ ಮೇಲಿನಿಂದಲೇ ಹೋಗಿಬರುತ್ತೇನೆ. ಆದರೂ ಸಿಂಗಯ್ಯನಪಾಳ್ಯದ ಸ್ಟೇಷನ್ನಿನಿಂದ ಇಳಿದು ನಡೆಯುವಾಗ ರಸ್ತೆ ಬದಿಯ ಗಾಲಿಗಳ ಕಡೆಗೆ ಕಣ್ಣು ತಾನಾಗಿ ಹೋಗುತ್ತದೆ.

ನಾಲ್ಕು ತೂತಿನದನ್ನು ಅಳೆಯುವುದು ಸುಲಭ. ಎದುರುಬದುರಿನ ಎರಡು ತೂತುಗಳ ನಡುಬಿಂದು ಕಣ್ಣಿಗೆ ಸಿಗುವುದಿಲ್ಲವಾದ್ದರಿಂದ ಒಂದರ ಒಳ ಅಂಚಿನಿಂದ ಎದುರಿನದರ ಹೊರ ಅಂಚಿಗೆ ವರ್ನಿಯರ್ ಹಿಡಿದರಾಯಿತು. ತೂತುಗಳ ಗಾತ್ರ ಒಂದೇ ಆದ್ದರಿಂದ ಅದು ನಡುವಿನಿಂದ ನಡುವಿಗೆ ಹಿಡಿದ ಅಳತೆಗೆ ಸಮ. ಐದು ತೂತಿನದರಲ್ಲಿ ಯಾವ ತೂತಿಗೂ ನೇರ ಎದುರು ಇನ್ನೊಂದು ತೂತಿಲ್ಲ. ಅಲ್ಲಿ ಅಕ್ಕಪಕ್ಕದ ಎರಡರ ದೂರ ಹಿಡಿದು 1.701ರಿಂದ ಗುಣಿಸಬೇಕು. 67.2 ಬಂದರೆ 114.3ರ ವೃತ್ತ; 65.8 ಬಂದರೆ 112ರದು, ಮರ್ಸಿಡಿಸ್, ಆಕ್ಟೇವಿಯಾಗಳದು. ನಡುವೆ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ. ಆ ಚೂರು ಅಂತರದಲ್ಲಿ ಎಷ್ಟು ಅಪಾಯ ಅಡಗಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಇಷ್ಟೆಲ್ಲ ನನಗೆ ಒದಗಿದ್ದು ಅಕ್ಕನ ಮಗನಿಂದ. ಐಟಿಪಿಎಲ್‌ನಲ್ಲಿ ಕೆಲಸ, ವಾರಪೂರ್ತಿ ಕಂಪ್ಯೂಟರು. ಶನಿವಾರ ಬಂತೆಂದರೆ ಕೈಗೆ ಗ್ರೀಸು. ಬೆಂಗಳೂರಿಗೆ ರ‍್ಯಾಲಿಯ ನಂಟು ಹಳೆಯದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ನೋಡಿ ಬೆಳೆದವರ ಮಕ್ಕಳು ಈಗ ಊರಾಚೆಯ ಮಣ್ಣಿನ ಮೈದಾನಗಳಲ್ಲಿ ಆಟೋಕ್ರಾಸ್‌ಗೆ ಇಳಿಯುತ್ತಾರೆ. ಅದಕ್ಕೆಂದೇ ಅವನು ಒಂದು ಹಳೆಯ 800 ಎತ್ತಿಟ್ಟುಕೊಂಡಿದ್ದ. ಹಗುರ ಕಾರು, 796 ಸಿಸಿಯ ಎಂಜಿನ್ನು, ಬಿಡಿಭಾಗ ಅಗ್ಗ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗುರು ಸಿಗಲಾರದು. ತೊಡಕಿದ್ದುದು ಗಾಲಿಯಲ್ಲಿ. ಕಾರ್ಖಾನೆಯಿಂದ ಬಂದದ್ದು 12 ಇಂಚಿನ ರಿಮ್ಮು, 145/70 ಟೈರು. ಅವನಿಗೆ ಬೇಕಾಗಿದ್ದ ಮಣ್ಣಿನ ಟೈರುಗಳಿಗೆ 13 ಇಂಚಿನ ರಿಮ್ಮು ಬೇಕು, ಕೈಗೆ ಸಿಕ್ಕ ಹಗುರ ಅಲಾಯ್‌ಗಳದೋ 100ರ ವೃತ್ತ.

“ಮಾವ, ಹಬ್ಬನ್ನೇ ನೂರಕ್ಕೆ ತಿರುಗಿಸಿಬಿಡೋಣ ಅಂತಿದೀನಿ,” ಎಂದ. ನಾನು ಜೊತೆಗೆ ಹೊರಟೆ.

ದಾರಿಗಳು ಹಲವಿವೆ. ಒಂದು ಅಡಾಪ್ಟರ್: ದಪ್ಪ ಅಲ್ಯುಮಿನಿಯಂ ಬಿಲ್ಲೆ, ಒಳಗೆ 114.3ರ ತೂತು, ಹೊರಗೆ 100ರ ಸ್ಟಡ್ಡು. ಹಬ್ಬಿಗೆ ಅದನ್ನು ಬಿಗಿದು, ಅದಕ್ಕೆ ಗಾಲಿ ಬಿಗಿಯುವುದು. ಒಳ್ಳೆಯ ಲೋಹದಲ್ಲಿ ಲೆಕ್ಕ ಹಾಕಿ ಮಾಡಿದ್ದಾದರೆ ಕೆಲಸಕ್ಕೆ ಬರುತ್ತದೆ. ಆದರೆ ಅದರ ದಪ್ಪದಷ್ಟೂ ಗಾಲಿ ಹೊರಗೆ ಹೋಗುತ್ತದೆ, ಬೇರಿಂಗಿನ ಮೇಲಿನ ಸೆಳೆತ ಹೆಚ್ಚುತ್ತದೆ, ಟೈರು ಮಡ್‌ಗಾರ್ಡಿಗೆ ತಾಗುತ್ತದೆ. ಕಣ್ಣಿಡಬೇಕಾದ ಜೋಡಣೆಯೊಂದು ಹೆಚ್ಚುವರಿಯಾಗಿ ಸೇರಿಕೊಳ್ಳುತ್ತದೆ. ಇನ್ನೊಂದು, ಅದೇ ಕಂಪನಿಯ ಬೇರೆ ಮಾದರಿಯ ಹಬ್ ತಂದು ಕೂರಿಸುವುದು. ಬೇರಿಂಗಿನ ಅಳತೆ, ಡ್ರೈವ್ ಶಾಫ್ಟಿನ ಹಲ್ಲು, ಬ್ರೇಕ್ ಡಿಸ್ಕಿನ ಜಾಗ ಎಲ್ಲ ಹೊಂದಿದರೆ ಇದರಷ್ಟು ಅಚ್ಚುಕಟ್ಟಾದ ದಾರಿ ಮತ್ತೊಂದಿಲ್ಲ. ಹೊಂದುವುದು ಅಪರೂಪ. ಮೂರನೆಯದು, ಇರುವ ಹಬ್ಬಿನಲ್ಲೇ ಹೊಸ ವೃತ್ತಕ್ಕೆ ತೂತು ಕೊರೆಯುವುದು.

ಇವಲ್ಲದೆ ಬೀದಿಬದಿಯಲ್ಲಿ ನಡೆಯುವ ಇನ್ನೊಂದಿದೆ. ಅದನ್ನು ದಾರಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ‘ಎರಡು ಮಿಲಿಮೀಟರ್ ತಾನೇ’ ಎಂದು 98ರ ಹಬ್ಬಿಗೆ 100ರ ಗಾಲಿಯನ್ನು ಒತ್ತಿ ಬಿಗಿಯುವುದು. ಗಾಲಿ ಕೂರುತ್ತದೆ, ನಟ್ಟೂ ತಿರುಗುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗಿ ಕಾಣುತ್ತದೆ. ಆದರೆ ನಟ್ಟಿನ ಶಂಕುವಿನಾಕಾರದ ಮೂತಿ ತನ್ನ ಗೂಡಿನಲ್ಲಿ ಸುತ್ತಲೂ ಕೂರುವ ಬದಲು ಒಂದೇ ಅಂಚಿಗೆ ಆನಿಕೊಂಡಿರುತ್ತದೆ. ಸ್ಟಡ್ಡು ಒಳಗೊಳಗೇ ಬಾಗಿರುತ್ತದೆ. ಓಡುತ್ತ ಓಡುತ್ತ ಆ ಅಂಚು ಸವೆಯುತ್ತದೆ, ಬಿಗಿ ಸಡಿಲವಾಗುತ್ತದೆ, ಬಾಗಿದ ಸ್ಟಡ್ಡು ಪ್ರತಿ ಸುತ್ತಿಗೂ ದಣಿಯುತ್ತದೆ. ಅಂಥ ಗಾಲಿ ಹೆದ್ದಾರಿಯಲ್ಲಿ ಕಳಚಿಕೊಂಡರೆ ಕಾರಿನಲ್ಲಿದ್ದವರಷ್ಟೇ ಅಲ್ಲ, ಎದುರಿನಿಂದ ಸ್ಕೂಟರಿನಲ್ಲಿ ಬರುವ ಯಾರೋ ಅಮಾಯಕರೂ ಬೆಲೆ ತೆರುತ್ತಾರೆ. ಇದನ್ನು ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಾವು ಹಿಡಿದದ್ದು ಮೂರನೆಯ ದಾರಿ. ಆದರೆ ಹುಡುಗನ ಮೂಲ ಹಬ್ಬುಗಳಿಗೆ ಕೈ ಹಚ್ಚುವುದು ಬೇಡ, ಕೊರೆಯಲು ಬೇರೆ ಜೊತೆ ತರೋಣ ಎಂದು ನಿರ್ಧಾರವಾಯಿತು. ಹಾಗಾಗಿ ಮೊದಲ ಪಯಣ ಶಿವಾಜಿನಗರದ ಗುಜರಿಗೆ. ಆ ಗಲ್ಲಿಗಳಲ್ಲಿ ಕಾರು ತನ್ನ ಹೆಸರು ಕಳೆದುಕೊಂಡು ಬರೀ ಭಾಗಗಳಾಗಿ ಉಳಿದಿರುತ್ತದೆ: ಒಂದು ಅಂಗಡಿಯಲ್ಲಿ ಬಾಗಿಲುಗಳದೇ ಸಾಲು, ಇನ್ನೊಂದರಲ್ಲಿ ಗೇರ್‌ಬಾಕ್ಸು, ಮತ್ತೊಂದರಲ್ಲಿ ಸೂರಿನವರೆಗೂ ಹೆಡ್‌ಲೈಟು. 800ರ ಹಬ್ ಎಂದ ಕೂಡಲೇ ಅಂಗಡಿಯ ಹಿರಿಯರು ಯಾವ ವರ್ಷದ್ದು ಎಂದು ಕೇಳಿ, ಒಳಗಿನ ಕತ್ತಲಲ್ಲಿ ಕೈಯಾಡಿಸಿ, ಎಣ್ಣೆ ಮೆತ್ತಿದ ಒಂದು ಜೊತೆ ತಂದು ಕಲ್ಲಿನ ಮೇಲಿಟ್ಟರು. ಹುಡುಗ ಅದನ್ನು ದಾರದಲ್ಲಿ ತೂಗುಹಾಕಿ ಸ್ಪಾನರಿನಿಂದ ಮೆಲ್ಲಗೆ ತಟ್ಟಿದ. ನಾದ ಉದ್ದಕ್ಕೆ ನಿಂತಿತು. ಬಿರುಕಿದ್ದರೆ ದನಿ ಒಡೆಯುತ್ತದೆ ಎನ್ನುವುದು ಹಳಬರ ಪರೀಕ್ಷೆ. ಹಿರಿಯರು ಅವನ ಮುಖ ನೋಡಿ ಬೆಲೆಯನ್ನು ತಾವಾಗಿಯೇ ಸ್ವಲ್ಪ ಇಳಿಸಿದರು. ಕಾರ್ಖಾನೆ 2014ರಲ್ಲಿ 800 ಮಾಡುವುದನ್ನು ನಿಲ್ಲಿಸಿತು. ಗುಜರಿಯಲ್ಲಿ ಅದು ನಿಂತಿಲ್ಲ.

ಲೇತ್ ಕೆಲಸಕ್ಕೆ ನಾವು ಊರು ದಾಟಬೇಕಾಗಿರಲಿಲ್ಲ. ಮಹದೇವಪುರವೆಂದರೆ ಈಗಿನವರಿಗೆ ಫೀನಿಕ್ಸ್ ಮಾಲು, ಗಾಜಿನ ಕಚೇರಿಗಳು. ಅವುಗಳ ಬೆನ್ನಿಗೇ ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡುಗಳಿವೆ. ಈ ಕಡೆಯ ಕೈಗಳಿಗೆ ಅಳತೆಯ ಶಿಸ್ತು ಬಂದದ್ದು ದೊಡ್ಡ ಕಾರ್ಖಾನೆಗಳಿಂದ. ಒಂದು ಪಕ್ಕದಲ್ಲಿ 1940ರ ಎಚ್‌ಎಎಲ್, ಇನ್ನೊಂದು ಪಕ್ಕದಲ್ಲಿ ದೂರವಾಣಿನಗರದ 1948ರ ಐಟಿಐ. ಅಲ್ಲಿ ಟರ್ನರ್, ಫಿಟ್ಟರ್ ಆಗಿ ಕಲಿತವರು ಸುತ್ತಮುತ್ತಲ ಹಳ್ಳಿಗಳ ಹುಡುಗರಿಗೆ ಕಲಿಸಿದರು. ನಾವು ಹೋದ ಶೆಡ್ಡಿನ ಮೇಸ್ತ್ರಿ ಹಾಗೆ ಕಲಿತವರಿಂದ ಕಲಿತವರು. ಕನ್ನಡ, ತೆಲುಗು, ತಮಿಳು ಮೂರರಲ್ಲೂ ಬೈಯಬಲ್ಲರು, ಮೂರರಲ್ಲೂ ಲೆಕ್ಕ ಹೇಳಬಲ್ಲರು.

ಹಬ್ಬನ್ನು ಕೈಯಲ್ಲಿ ತಿರುಗಿಸಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: “ಹಳೇ ತೂತು ಏನ್ ಮಾಡೋಣ ಅಂತ?”

ಬೆಸುಗೆ ಹಾಕಿ ತುಂಬಿಸುತ್ತಾರಂತಲ್ಲ ಎಂದೆ.

“ಬೇಡ ಸಾರ್. ಕಾವಿಗೆ ಹಬ್ ಸೊಟ್ಟ ಆಯ್ತು ಅಂದ್ರೆ ಆಮೇಲೆ ಯಾರ ಕೈಲೂ ನೆಟ್ಟಗೆ ಮಾಡಕ್ಕಾಗಲ್ಲ. ಅದರ ಪಾಡಿಗೆ ಅದು ಇರ್ಲಿ. ನಾವು ನಡುವೆ ಜಾಗ ಮಾಡ್ಕೊಳ್ಳೋಣ.”

ಹಳೆಯ ವೃತ್ತದ ತ್ರಿಜ್ಯ 57.15, ಹೊಸದರದು 50. ಹೊಸ ತೂತನ್ನು ಹಳೆಯದರ ನೇರ ಕೆಳಗೇ ಕೊರೆಯಹೋದರೆ ನಡುಬಿಂದುಗಳ ನಡುವೆ ಉಳಿಯುವುದು ಏಳು ಮಿಲಿಮೀಟರ್ ಚಿಲ್ಲರೆ. ಹನ್ನೆರಡರ ಸ್ಟಡ್ಡಿಗೆ ಮಾಡಿದ ಎರಡು ತೂತುಗಳು ಒಂದರೊಳಗೊಂದು ಸೇರಿಹೋಗುತ್ತವೆ. 45 ಡಿಗ್ರಿ ತಿರುಗಿಸಿದರೆ ಪ್ರತಿ ಹೊಸ ತೂತೂ ಎರಡು ಹಳೆಯವುಗಳ ನಟ್ಟನಡುವೆ ಬಂದು, ನಡುವಿನಿಂದ ನಡುವಿಗೆ 41 ಮಿಲಿಮೀಟರಿಗೂ ಮೀರಿದ ಅಂತರ ಉಳಿಯುತ್ತದೆ. ಮೇಸ್ತ್ರಿ ಇದನ್ನು ಒಂದು ರಟ್ಟಿನ ಮೇಲೆ ಕೈವಾರದಿಂದ ಬರೆದು ತೋರಿಸಿದರು. ಆಮೇಲೆ ಹಬ್ ಮಗುಚಿ, ಸ್ಟಡ್ಡಿನ ತಲೆ ಕೂರುವ ಕಡೆ ಲೋಹ ಎಷ್ಟು ದಪ್ಪವಿದೆ, ತಿರುಗುವಾಗ ಆ ತಲೆ ಹಿಂದೆ ಏನಕ್ಕಾದರೂ ತಾಗುತ್ತದೆಯೇ ಎಂದು ಬೆರಳಿನಿಂದ ಸವರಿ ಸವರಿ ನೋಡಿದರು. ಜಾಗವಿಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡುವುದು ಎಂದು ಮೊದಲೇ ಹೇಳಿಬಿಟ್ಟಿದ್ದರು. ಬೆರಳಿಗೆ ಜಾಗ ಸಿಕ್ಕಿತು.

ಇನ್ನು ನಡುಬಿಂದು ಹಿಡಿಯುವ ಕೆಲಸ. ನಾನು ಅಲ್ಲಿ ಕಂಡದ್ದರಲ್ಲಿ ಅತಿ ಚಂದದ್ದು ಇದು. ಹಬ್ಬನ್ನು ಲೇತಿನ ನಾಲ್ಕು ದವಡೆಯ ಚಕ್ಕಿನಲ್ಲಿ ಕಚ್ಚಿಸಿ, ನಡುವಿನ ರಂಧ್ರಕ್ಕೆ ಡಯಲ್ ಗೇಜಿನ ಮೊನೆ ತಾಗಿಸಿ, ಚಕ್ಕನ್ನು ಕೈಯಿಂದಲೇ ಸುತ್ತಿಸುತ್ತಾರೆ. ಮುಳ್ಳು ಅತ್ತಿತ್ತ ಆಡುತ್ತದೆ. ಒಂದು ದವಡೆ ಸಡಿಲಿಸಿ ಎದುರಿನದನ್ನು ಬಿಗಿಯುತ್ತಾರೆ, ಮತ್ತೆ ಸುತ್ತಿಸುತ್ತಾರೆ. ಮುಳ್ಳಿನ ಆಟ ಕಮ್ಮಿಯಾಗುತ್ತದೆ. ಮತ್ತೆ ಒಂದು ದವಡೆ, ಮತ್ತೆ ಒಂದು ಸುತ್ತು. ಕೆಲಸದ ಹುಡುಗ ಕಾಫಿ ತಂದಿಟ್ಟ. ಲೋಟದ ಮೇಲೆ ಕೆನೆ ಕಟ್ಟುವವರೆಗೂ ಅವರು ಅತ್ತ ನೋಡಲಿಲ್ಲ. ಕೊನೆಗೆ ಚಕ್ಕು ಪೂರ್ತಿ ಸುತ್ತಿದರೂ ಮುಳ್ಳು ಕದಲದೆ ನಿಂತಿತು. ಹಬ್ಬಿನ ಮುಖವನ್ನೂ ಹಾಗೇ ಪರೀಕ್ಷಿಸಿದರು: 0.05 ಮಿಲಿಮೀಟರಿಗಿಂತ ಹೆಚ್ಚು ಓಲಾಡಿದರೆ ಅವರ ಪ್ರಕಾರ ಆ ಹಬ್ ಗುಜರಿಗೇ ವಾಪಸು.

ಆಮೇಲೆ ರೋಟರಿ ಟೇಬಲ್ ಮೇಲೆ ಕೂರಿಸಿ, ನಡುಬಿಂದುವಿನಿಂದ ಐವತ್ತು ಮಿಲಿಮೀಟರ್ ಸರಿದು, ಸೆಂಟರ್ ಡ್ರಿಲ್ಲಿನಿಂದ ಚುಕ್ಕೆ; ಅದರ ಮೇಲೆ ಸಣ್ಣ ಡ್ರಿಲ್ಲು, ಆಮೇಲೆ ದೊಡ್ಡದು, ಕೊನೆಗೆ ರೀಮರ್. ಟೇಬಲ್ಲನ್ನು 90 ಡಿಗ್ರಿ ತಿರುಗಿಸಿ ಇನ್ನೊಂದು. ಸುರುಳಿ ಸುರುಳಿಯಾಗಿ ಲೋಹ ಎದ್ದುಬರುವಾಗ ಕಟಿಂಗ್ ಎಣ್ಣೆಯ ಹೊಗೆ ಶೆಡ್ಡಿನ ತುಂಬ ಹರಡಿತು. ನಾಲ್ಕೂ ಮುಗಿದ ಮೇಲೆ ತಾಳೆ ನೋಡಿದ್ದು ಎರಡು ಬಗೆಯಲ್ಲಿ: ಎದುರುಬದುರು 100, ಅಕ್ಕಪಕ್ಕ 70.7. ಎರಡೂ ಕೂಡಿಬಂದರೆ ಮಾತ್ರ ಚೌಕ ನೆಟ್ಟಗಿದೆ ಎಂದರ್ಥ. ಸ್ಟಡ್ಡಿನ ಕುತ್ತಿಗೆಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ತೂತಿಗಿಂತ ಅದು ಕೂದಲೆಳೆಯಷ್ಟು ದಪ್ಪ. ಪ್ರೆಸ್ಸಿನಲ್ಲಿಟ್ಟು ನೆಟ್ಟಗೆ ಒತ್ತಿದಾಗ ಹಲ್ಲು ಲೋಹವನ್ನು ಕಚ್ಚಿಕೊಂಡು ಕೂರುತ್ತದೆ. ಸುತ್ತಿಗೆಯಿಂದ ಹೊಡೆದು ಕೂರಿಸುವವರನ್ನು ಕಂಡರೆ ಮೇಸ್ತ್ರಿಗೆ ಆಗುವುದಿಲ್ಲ. ನನಗೂ ಈಗ ಆಗುವುದಿಲ್ಲ. ಹಬ್ಬೊಂದೇ ಬದಲಾದರೆ ಸಾಲದು. ಹಿಂದಿನ ಡ್ರಮ್ಮುಗಳೂ ಹೊಸ ವೃತ್ತಕ್ಕೆ ಒಪ್ಪಬೇಕು. ಅವಕ್ಕೂ ಇದೇ ಉಪಚಾರ ನಡೆಯಿತು. ಅಲಾಯ್‌ನ ನಡುರಂಧ್ರ ಹಬ್ಬಿನ ಗುಂಬಕ್ಕಿಂತ ದೊಡ್ಡದಿತ್ತು. ಮಾರುಕಟ್ಟೆಯ ಅಲಾಯ್‌ಗಳಲ್ಲಿ ಅದನ್ನು ಬೇಕೆಂದೇ ದೊಡ್ಡದಾಗಿ ಬಿಟ್ಟಿರುತ್ತಾರೆ, ಹಲವು ಕಾರಿಗೆ ಆಗಲಿ ಎಂದು. ಆ ಸಂದಿಗೆ ಅಲ್ಯುಮಿನಿಯಂ ಉಂಗುರಗಳನ್ನು ಕಡೆದು ಕೊಟ್ಟರು. ಉಂಗುರ ಹಾಕಿ ಗಾಲಿ ಏರಿಸಿದಾಗ ಡಬ್ಬಿಗೆ ಮುಚ್ಚಳ ಕೂತಂತೆ ತಣ್ಣಗೆ ಕೂತಿತು.

ಸ್ಟಡ್ಡುಗಳೇ ಕಾರಿನ ಭಾರ ಹೊರುತ್ತವೆ ಎಂದು ನಾನು ನಂಬಿದ್ದೆ, ಬಹುಪಾಲು ಜನರೂ ನಂಬಿರುತ್ತಾರೆ. ನಿಜವಾಗಿ ಹೊರುವುದು ಎರಡು ಮುಖಗಳ ನಡುವಿನ ಒತ್ತಡ. ಹನ್ನೆರಡು ಮಿಲಿಮೀಟರಿನ ಒಂದು ಸ್ಟಡ್ಡಿನ ಮೇಲೆ ನಟ್ಟನ್ನು 80–90 ನ್ಯೂಟನ್ ಮೀಟರಿಗೆ ಬಿಗಿದರೆ ಅದು ಗಾಲಿಯನ್ನು ಹಬ್ಬಿಗೆ ಅಂದಾಜು ಮೂರು ಟನ್ನಿಗೂ ಮೀರಿದ ಬಲದಿಂದ ಅದುಮಿ ಹಿಡಿಯುತ್ತದೆ. ನಾಲ್ಕು ಸೇರಿದರೆ ಹನ್ನೆರಡು ಟನ್ನು ದಾಟಿತು. 650 ಕಿಲೋದ ಕಾರಿನ ಒಂದೊಂದು ಗಾಲಿಯಲ್ಲೂ ಇಷ್ಟು ಅಪ್ಪುಗೆ! ಆ ಬಿಗಿಯಲ್ಲಿ ಎರಡು ಲೋಹದ ಮುಖಗಳು ಜಾರದೆ ಒಂದೇ ಆಗಿ ನಿಲ್ಲುತ್ತವೆ; ಗುಂಡಿಯ ಹೊಡೆತ, ಬ್ರೇಕಿನ ಎಳೆತ ಎಲ್ಲ ಆ ಘರ್ಷಣೆಯ ಮೂಲಕವೇ ಹಾಯುತ್ತವೆ. ಮುಖದ ಮೇಲೆ ತುಕ್ಕು, ಬಣ್ಣದ ಪದರ, ಕಲ್ಲಿನ ಚೂರು ಇರಬಾರದೆಂದು ಮೇಸ್ತ್ರಿ ಮತ್ತೆ ಮತ್ತೆ ಒರೆಸುತ್ತಿದ್ದುದು ಈ ಕಾರಣಕ್ಕೆ. ಎರಡು ಮಿಲಿಮೀಟರಿನ ಸುಳ್ಳು ಎಷ್ಟು ಕೆಟ್ಟದ್ದು ಎಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ: ನಟ್ಟು ಪೂರ್ತಿ ಕೂರದಿದ್ದರೆ ಅಪ್ಪುಗೆ ಉಳಿಯುವುದಿಲ್ಲ, ಅಪ್ಪುಗೆ ಹೋದರೆ ಭಾರವೆಲ್ಲ ಬಡ ಸ್ಟಡ್ಡಿನ ಮೇಲೆ.

ಗಾಲಿಯನ್ನು ಹಿಡಿದಿಡುವ ಬಗೆ ಎಲ್ಲ ಗಾಡಿಗೂ ಒಂದೇ ಅಲ್ಲ. ಎತ್ತಿನ ಗಾಡಿಯಲ್ಲಿ ಗುಂಬ ಗಾಲಿಯದೇ ಅಂಗ. ಇರಸಿನ ಮೇಲೆ ಗಾಲಿ ತಾನೇ ಸುತ್ತುತ್ತದೆ, ಕಳಚದಂತೆ ತಡೆಯುವುದು ಒಂದು ಕಡಾಣಿ. ರೈಲಿನದು ಇನ್ನೊಂದು ತುದಿ. ಇಲ್ಲಿಂದ ಹೆಚ್ಚು ದೂರವಿಲ್ಲದ ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಯನ್ನು ಅಚ್ಚಿನ ಮೇಲೆ ಭಾರೀ ಪ್ರೆಸ್ಸಿನಿಂದ ಒತ್ತಿ ಕೂರಿಸುತ್ತಾರೆ. ಒಂದು ಬೋಲ್ಟೂ ಇಲ್ಲ, ಎರಡೂ ಒಟ್ಟಿಗೇ ಸುತ್ತುತ್ತವೆ. ಕಾರು ಇವೆರಡರ ನಡುವೆ ನಿಂತು, ಬೇಕಾದಾಗ ಬಿಡಿಸಬಹುದಾದ, ಬೇಡದಾಗ ಬಿಡದ ಬೆಸುಗೆಯನ್ನು ಕಂಡುಕೊಂಡಿತು. ದಾರಿಯಲ್ಲಿ ಕೆಟ್ಟರೆ ಮನೆಯವರೇ ಇಳಿದು ಗಾಲಿ ಬದಲಿಸಬಹುದು ಎಂಬುದು ಎಷ್ಟು ದೊಡ್ಡ ಸ್ವಾತಂತ್ರ್ಯ!

ಒಂದು ಎಚ್ಚರಿಕೆಯ ಮಾತು. ಈ ಕಾರು ಮೈದಾನಕ್ಕೆ ಹೋಗುವುದು ಟೋಯಿಂಗ್ ಗಾಡಿಯ ಬೆನ್ನ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬೀದಿಯ ಮೇಲೆ ಓಡುವ ಕಾರಿಗೆ ಇಂಥದ್ದು ಮಾಡಬಯಸುವವರು ಮೊದಲು ತಮ್ಮ ಆರ್‌ಟಿಒ, ನಮ್ಮ ಕಡೆಯವರಾದರೆ ಕೆ.ಆರ್. ಪುರದ ಕೆಎ-53ರ ಕಚೇರಿ, ಮತ್ತು ವಿಮೆಯವರ ಬಳಿ ವಿಚಾರಿಸಬೇಕು. ಕಾಯ್ದೆ ಇಷ್ಟು ಬಿಗಿಯಾಗಿರುವುದು ಸರಿಯೆಂದೇ ನನ್ನ ಅಭಿಪ್ರಾಯ. ಎಲ್ಲ ಶೆಡ್ಡಿನಲ್ಲೂ ಈ ಮೇಸ್ತ್ರಿ ಇರುವುದಿಲ್ಲ.

ಮೈದಾನದಲ್ಲಿ ಬಿಳಿ ಸುಣ್ಣದ ಗೆರೆಗಳ ನಡುವೆ 800 ಧೂಳೆಬ್ಬಿಸಿಕೊಂಡು ಓಡಿತು. ತಿರುವಿನಲ್ಲಿ ಹಿಂಬದಿ ಜಾರಿ, ಹೊಸ ಟೈರು ಮಣ್ಣು ಕಚ್ಚಿ, ಮತ್ತೆ ನೆಟ್ಟಗಾಗಿ ಮುಂದೆ ನುಗ್ಗುವುದನ್ನು ನೋಡುತ್ತ ನಾನು ಹಗ್ಗದಾಚೆ ನಿಂತಿದ್ದೆ. ಪ್ರತಿ ಓಟ ಮುಗಿದಾಗಲೂ ಹುಡುಗ ಟಾರ್ಕ್ ರೆಂಚ್ ಹಿಡಿದು ಇಳಿಯುತ್ತಿದ್ದ. ಒಂದು ನಟ್ಟು, ಅದರ ಎದುರಿನದು, ಆಮೇಲೆ ಉಳಿದೆರಡು, ಮೇಸ್ತ್ರಿ ಹೇಳಿಕೊಟ್ಟ ಕ್ರಮದಲ್ಲೇ. ಪ್ರತಿಯೊಂದಕ್ಕೂ ರೆಂಚು ಕಟಕ್ ಎಂದಿತು, ನಟ್ಟು ಕದಲಲಿಲ್ಲ. ಮೇಸ್ತ್ರಿಗೆ ಫೋನು ಮಾಡಿ ಹೇಳಿದರೆ ಅವರು ಕೇಳಿದ್ದು ಬೇರೆ: “ಸ್ಟೆಪ್ನಿ ಯಾವ್ದು ಇಟ್ಕೊಂಡಿದೀರಾ? ಹಳೇದು ಈಗ ಕೂರಲ್ಲ, ಜ್ಞಾಪಕ ಇರ್ಲಿ.” ಕಲ್ಲಿಗೆ ಟೈರು ಸೀಳಿದರೆ ಏರಿಸಲು ನೂರರ ವೃತ್ತದ ಐದನೆಯ ರಿಮ್ಮೊಂದು ಬೇಕೇಬೇಕು. ಉಳಿದ ನಾಲ್ಕಕ್ಕೆ ಜೊತೆಯಾಗುವಂಥದ್ದು ಸಿಗುವುದು ಕಷ್ಟವೇ; ಶಿವಾಜಿನಗರದ ಹಿರಿಯರು ಹುಡುಕಿಡುತ್ತೇನೆಂದು ಹೇಳಿದ್ದಾರೆ, ಭಾನುವಾರ ಹೋಗಿ ನೋಡಬೇಕು.